ಪೋರ್ಶೆ 911 ಕ್ಯಾರೆರಾ ತಗೊಂಡು ಹೋಂಡಾ ಸಿಟಿ ಕೊಟ್ಬಿಡೋದಾ? ತೀರ್ಥಹಳ್ಳಿ–ಆಗುಂಬೆ ರಸ್ತೆಗೆ ಲೆಕ್ಕ ಹೇಳಿ

ತಿರುಗಾಟ_ತೀರ್ಥಹಳ್ಳಿ: ಬೆಂಗಳೂರಲ್ಲಿರೋ ನಮ್ಮ ಭಾವ ಸೆಕೆಂಡ್ ಹ್ಯಾಂಡ್ ಪೋರ್ಶೆ 911 ಕ್ಯಾರೆರಾ (992 ಅನ್ನೋ ತಲೆಮಾರು, 2020ರ ಮಾಡೆಲ್) ನೋಡ್ತಿದಾರೆ. ಮನೇಲಿ ಐದನೇ ತಲೆಮಾರಿನ ಹೋಂಡಾ ಸಿಟಿ ಸಿವಿಟಿ (ಬೆಲ್ಟ್ ಆಟೊಮ್ಯಾಟಿಕ್) ಇದೆ. ಅದನ್ನ ಕೊಟ್ಟು ಎಲ್ಲದಕ್ಕೂ 911 ಒಂದೇ ಇಟ್ಟುಕೊಳ್ಳೋದು ಅಂತ ಅವರ ಹಟ. ಓಡಾಟ ಬಿ.ಎಚ್. ರಸ್ತೇಲಿ ಶಿವಮೊಗ್ಗ, ಅಲ್ಲಿಂದ ತೀರ್ಥಹಳ್ಳಿ, ಆಗಾಗ ಆಗುಂಬೆ ಇಳಿದು ಉಡುಪಿ. ಮನೆಗೆ ಡಾಂಬರು ಬಿಟ್ಟು ಸುಮಾರು ಅರ್ಧ ಕಿ.ಮೀ. ಜಂಬಿಟ್ಟಿಗೆ ಮಣ್ಣಿನ ದಾರಿ, ನಡುವೆ ಒಂದು ಮೋರಿ. "ದುಡ್ಡು ದಂಡ" ಅನ್ನೋ ಉತ್ತರ ಬೇಡ. ಗಾಡಿಯಿಂದ ಗಾಡಿಗೆ ಹೋಲಿಸಿ ಹೇಳಿ.

ಕೆಎ14_ಗೇರ್: ಕಾಗದದ ಮೇಲಿನದ್ದು ಮೊದಲು. 911: 3.0 ಲೀಟರ್ ಟ್ವಿನ್ ಟರ್ಬೊ, ಫ್ಲಾಟ್ ಸಿಕ್ಸ್, 385 ಪಿಎಸ್, 450 ಎನ್‌ಎಂ, ತೂಕ 1505 ಕೆ.ಜಿ., 0–100ಕ್ಕೆ 4.2 ಸೆಕೆಂಡ್. ಸಿಟಿ: 1.5 ಲೀಟರ್, 121 ಪಿಎಸ್, 145 ಎನ್‌ಎಂ, ತೂಕ 1100 ಕೆ.ಜಿ. ಚಿಲ್ಲರೆ. ಟನ್ನಿಗೆ ಲೆಕ್ಕ ಹಾಕಿದ್ರೆ 911ರದ್ದು 255 ಪಿಎಸ್, ಸಿಟಿದು 110ರ ಹತ್ತಿರ. ಹೆಚ್ಚುಕಮ್ಮಿ 2.3 ಪಟ್ಟು ಅಂತಿಟ್ಕೊಳ್ಳಿ. ಆ ಜಾಸ್ತೀನ ಗಾಜನೂರು ದಾಟಿದ ಮೇಲೆ ಎಲ್ಲಿ ಖರ್ಚು ಮಾಡ್ತೀರಿ ಅನ್ನೋದೇ ನನ್ನ ಪ್ರಶ್ನೆ.

ಹುಲಿಕಲ್_ತಿರುವು: ಖರ್ಚು ಮಾಡೋ ಜಾಗ ಇದೆ ಸ್ವಾಮಿ. ಓವರ್‌ಟೇಕ್. ಮಂಡಗದ್ದೆ ಕಡೆ ನೇರ ರಸ್ತೆ ಸಿಗೋದೇ ತುಂಡು ತುಂಡಾಗಿ. ನೀವೂ 80ರಲ್ಲಿ, ಎದುರಿನವನೂ 80ರಲ್ಲಿ ಬಂದ್ರೆ ನಡುವಿನ ಅಂತರ ಸೆಕೆಂಡಿಗೆ 44 ಮೀಟರ್ ಕರಗುತ್ತೆ. ಬಲಗಡೆ ಲೇನ್‌ನಲ್ಲಿ ಇರೋ ಹೊತ್ತು 2 ಸೆಕೆಂಡ್ ಕಮ್ಮಿ ಆದ್ರೆ ಹತ್ತಿರತ್ತಿರ 90 ಮೀಟರ್ ಉಳೀತು. ಜೀವ ಉಳಿಸೋ ಲೆಕ್ಕ ಇದು, ಶೋಕಿ ಅಲ್ಲ.

ಕೆಎ14_ಗೇರ್: ಒಪ್ಪಿದೆ. ಆದ್ರೆ ಆ 2 ಸೆಕೆಂಡಿಗೆ 911 ಬೇಕಾ? ಸ್ಕೋಡಾ ಸ್ಲಾವಿಯಾ ಅಥವಾ ಫೋಕ್ಸ್‌ವ್ಯಾಗನ್ ವರ್ಟಸ್ ಸೆಡಾನ್, 1.5 ಟಿಎಸ್‌ಐ ಟರ್ಬೊ ಎಂಜಿನ್‌ದು ನೋಡಿ: 150 ಪಿಎಸ್, 250 ಎನ್‌ಎಂ, ಆ ಟಾರ್ಕ್ (ಎಳೆಯೋ ಬಲ) 1600 ಆರ್‌ಪಿಎಂಗೇ ಸಿಗುತ್ತೆ. ಸಿಟಿದು 145 ಎನ್‌ಎಂ ಬರೋದೇ 4300ಕ್ಕೆ, ಪೂರ್ತಿ ಪವರ್ 6600ಕ್ಕೆ. ಅದಕ್ಕೇ ಏರಿನಲ್ಲಿ ಸಿವಿಟಿ ಅಷ್ಟು ಕಿರುಚೋದು. ಸೆಡಾನ್ ಅಂದ್ರೆ ಎಲ್ಲಾ ಒಂದೇ ಅಂತ ಹೋಲಿಸಬಾರದು. ಹ್ಯುಂಡೈ ವರ್ನಾ ಟರ್ಬೊ ಇನ್ನೂ ಮುಂದೆ, 160 ಪಿಎಸ್, 253 ಎನ್‌ಎಂ.

ಸಾಗರದ_ಸ್ಪ್ಯಾನರ್: ಎಂಜಿನ್ ಮಾತು ಆಮೇಲೆ. ಮೊದಲು ಹೊಟ್ಟೆ ತಾಗುತ್ತೋ ಇಲ್ವೋ ನೋಡಿ. ನೆಲದಿಂದ ಹೊಟ್ಟೆಗೆ ಸಿಟಿ 165 ಎಂಎಂ, ಸ್ಲಾವಿಯಾ 179 ಎಂಎಂ. 911 ಹೆಚ್ಚುಕಮ್ಮಿ 12 ಸೆಂ.ಮೀ.

ಐಆರ್‌ಸಿ (ಭಾರತೀಯ ರಸ್ತೆ ಕಾಂಗ್ರೆಸ್) ಪ್ರಕಾರ ಹಾಕಿದ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಮಾನು. 911ರ ವೀಲ್‌ಬೇಸ್ (ಮುಂದಿನ ಗಾಲಿಯಿಂದ ಹಿಂದಿನ ಗಾಲಿಗಿರೋ ದೂರ) 2450 ಎಂಎಂ. ಎರಡೂ ಗಾಲಿ ಕಮಾನಿನ ಮೇಲೇ ಇರೋದ್ರಿಂದ ಹೊಟ್ಟೆ ಕೆಳಗೆ ಹಂಪ್ ಎದ್ದು ಬರೋದು 44 ಎಂಎಂ ಮಾತ್ರ. ಸಿಟಿದು ವೀಲ್‌ಬೇಸ್ ಉದ್ದ (2600), ಅದಕ್ಕೆ 50 ಎಂಎಂ. ಅಂದ್ರೆ ಸರಿಯಾದ ಹಂಪ್‌ನಲ್ಲಿ ಯಾರಿಗೂ ತಾಗಲ್ಲ, 911 ಆರಾಮಾಗಿ ದಾಟುತ್ತೆ.

ತಾಗೋದು ಊರವರು ಒಂದು ರಾತ್ರೀಲಿ ಕಾಂಕ್ರೀಟ್ ಸುರಿದು ಮಾಡಿದ್ದಕ್ಕೆ. ಅಗಲ ಒಂದು ಮೀಟರೂ ಇರಲ್ಲ, ಎತ್ತರ 15 ಸೆಂ.ಮೀ. ಆಗ ಮುಂದಿನ ಗಾಲಿ ಆಚೆ, ಹಿಂದಿನದ್ದು ಈಚೆ, ಪೂರ್ತಿ 150 ಎಂಎಂ ಹೊಟ್ಟೆಗೇ. 911 ಖಂಡಿತ ಕೂತುಬಿಡುತ್ತೆ. ಸಿಟಿಗೂ ಹಿಂದೆ ಮೂರು ಜನ, ಡಿಕ್ಕಿ ತುಂಬ ಸಾಮಾನು ಇದ್ರೆ ಕೆರೆಯುತ್ತೆ. ಅದಕ್ಕೇ ಅಲ್ವಾ ಹಂಪ್ ಹತ್ರ ಹಿಂದೆ ಕೂತವರನ್ನ ಇಳಿಸೋದು.

ತಿರುಗಾಟ_ತೀರ್ಥಹಳ್ಳಿ: ಮುಂದಿನ ಆಕ್ಸಲ್ ಎತ್ತೋ ಲಿಫ್ಟ್ ಇರೋ ಗಾಡಿನೇ ನೋಡ್ತಿದಾರೆ. ಅದು ಸಾಕಾಗಲ್ವಾ?

ಸಾಗರದ_ಸ್ಪ್ಯಾನರ್: ಲಿಫ್ಟ್ ಮೂತಿಗೆ, ಹೊಟ್ಟೆಗಲ್ಲ. ಮುಂದೆ ಸುಮಾರು 4 ಸೆಂ.ಮೀ. ಏರುತ್ತೆ. ಹಿಂದೆ ಏರಲ್ಲವಲ್ಲ, ಹಾಗಾಗಿ ನಡುಮಧ್ಯದಲ್ಲಿ ಸಿಗೋದು ಅದರ ಅರ್ಧ, 2 ಸೆಂ.ಮೀ. ಮೋರಿ ಹತ್ತುವಾಗ, ಪೆಟ್ರೋಲ್ ಬಂಕ್ ಇಳಿಜಾರಿನಲ್ಲಿ ಬಂಪರ್ ತುಟಿ ಉಳಿಸೋಕೆ ಒಳ್ಳೇದು. 35 ಕಿ.ಮೀ. ವೇಗ ದಾಟಿದ್ರೆ ತಾನಾಗೇ ಇಳಿಯುತ್ತೆ.

ಗಾಡಿ ತರೋಕೆ ಮುಂಚೆ ದಾರಿ ಅಳೆಯೋ ಸುಲಭದ ಉಪಾಯ: ಬಾಗದಿರೋ ಒಂದು ಅಡಿಕೆ ದಬ್ಬೆ ಸರಿಯಾಗಿ 2.45 ಮೀಟರ್ ಕತ್ತರಿಸಿ. ಎರಡೂ ತುದಿಗೆ 11 ಸೆಂ.ಮೀ. ಮರದ ತುಂಡು ಕಾಲು ಹೊಡೀರಿ. ಇಬ್ಬರು ಹಿಡ್ಕೊಂಡು ಗಾಲಿ ಹೋಗೋ ಜಾಡಲ್ಲೂ, ನಡುವಿನ ದಿಬ್ಬದ ಮೇಲೂ ಎಳ್ಕೊಂಡು ಹೋಗಿ. ದಿಬ್ಬ ಅಳೆಯುವಾಗ ಕಾಲು ನಿಲ್ಲೋದು ಗಾಲಿಯ ಮಟ್ಟದಲ್ಲಿರಬೇಕು, ಅದಕ್ಕೆ ಎರಡು ಜಾಡಿಗೆ ಅಡ್ಡ ಒಂದೊಂದು ಹಲಗೆ ಇಟ್ಟು, ಹಲಗೆ ದಪ್ಪ ಲೆಕ್ಕದಲ್ಲಿ ಕಳೀರಿ. ದಬ್ಬೆ ಎಲ್ಲಿ ನೆಲಕ್ಕೆ ಒರಗುತ್ತೋ ಅಲ್ಲಿ ಗಾಡಿನೂ ಒರಗುತ್ತೆ. ಮಳೆಗಾಲ ಮುಗಿದ ಮೇಲೆ ಇನ್ನೊಂದ್ಸಲ ಅಳೀರಿ. ಗಾಲಿ ಜಾಡು ಕೊರೆದು ನಡುವೆ ಹುಲ್ಲುದಿಬ್ಬ ಉಳಿಯೋದು ಆಗಲೇ.

ಮಳೆಗಾಲ_ಮಂಜ: ದಬ್ಬೆ ಉಪಾಯ ಭಾರಿ ಲಾಯ್ಕಿದೆ ಮಾರಾಯ್ರೆ 😄

ಅಡಿಕೆ_ಲೋಡು: ಎಲ್ಲಾ ಸರಿ, ಡಿಕ್ಕೀಲಿ ಅಡಿಕೆ ಚೀಲ ಹಿಡಿಯುತ್ತಾ?

ಕೆಎ14_ಗೇರ್: 911ಕ್ಕೆ ಡಿಕ್ಕಿ ಇರೋದು ಮುಂದೆ, 132 ಲೀಟರ್. ಎರಡು ಸಣ್ಣ ಬ್ಯಾಗು. ಹಿಂದಿನ ಸೀಟು ಮಡಚಿದ್ರೆ ಅಲ್ಲೂ ಸ್ವಲ್ಪ ಇಡಬಹುದು. ಸಿಟಿ 506 ಲೀಟರ್, ಸ್ಲಾವಿಯಾ 521, ವರ್ನಾ 528. ಆದ್ರೂ ಸೆಡಾನ್‌ನಲ್ಲಿ ಅಡಿಕೆ ಹೇರಬೇಡಿ. ಒಂದು ಚೀಲ ಅಂದ್ರೆ ಒಬ್ಬ ದೊಡ್ಡವನ ತೂಕ, ಅದೂ ಹಿಂದಿನ ಆಕ್ಸಲ್‌ನ ಹಿಂದಕ್ಕೆ. ಮೂತಿ ಮೇಲೆದ್ದು ಹೆಡ್‌ಲೈಟ್ ಎದುರಿನವನ ಕಣ್ಣಿಗೆ ಹೊಡೆಯುತ್ತೆ. ಹೇರಲೇಬೇಕು ಅಂದ್ರೆ ಡ್ಯಾಶ್ ಹತ್ರ ಇರೋ ಲೈಟ್ ಲೆವೆಲಿಂಗ್ ಗಾಲಿನಾದ್ರೂ ತಿರುಗಿಸಿ. ಹೆಚ್ಚಿನವರು ಅದನ್ನ ಮುಟ್ಟೇ ಇರಲ್ಲ.

ಕಮ್ಮರಡಿ_ಕಾರ್ನರ್: ಎಲ್ಲಕ್ಕಿಂತ ದೊಡ್ಡ ತೊಂದರೆ ಟೈರು. 911ಕ್ಕೆ ಮುಂದೆ 235/40 ಆರ್19, ಹಿಂದೆ 295/35 ಆರ್20. ರಬ್ಬರ್ ಬ್ಯಾಂಡ್ ಸುತ್ತಿದ ಹಾಗಿರುತ್ತೆ. ನಮ್ಮ ಗುಂಡೀಲಿ ರಿಮ್ ಒಡೆಯದೇ ಇರುತ್ತಾ?

ಹುಲಿಕಲ್_ತಿರುವು: ರಬ್ಬರ್ ಬ್ಯಾಂಡ್ ಅನ್ನೋಕೆ ಮುಂಚೆ ಗುಣಾಕಾರ ಮಾಡಿ. 295ರಲ್ಲಿ ಶೇ 35 ಅಂದ್ರೆ ಸೈಡ್‌ವಾಲ್ 103 ಎಂಎಂ. ಮುಂದಿನದ್ದು 94. ಸಿಟಿಯ 185/55 ಆರ್16 ಎಷ್ಟು? 102 ಎಂಎಂ. ಅಂದ್ರೆ 911ರ ಹಿಂದಿನ ಟೈರ್ ಗೋಡೆ ಸಿಟಿಗಿಂತ ಒಂದು ಎಂಎಂ ಜಾಸ್ತಿನೇ ಎತ್ತರ. ರಿಮ್ ದೊಡ್ಡದಾದ್ದರಿಂದ ಕಣ್ಣಿಗೆ ತೆಳ್ಳಗೆ ಕಾಣುತ್ತೆ ಅಷ್ಟೆ.

ಕಮ್ಮರಡಿ_ಕಾರ್ನರ್: ಎತ್ತರ ಒಂದೇ ಇದ್ರೂ ಗಟ್ಟಿತನ ಒಂದೇ ಅಲ್ಲವಲ್ಲ. ಆ ಟೈರಿನ ಗೋಡೆ ಬಿರುಸು, ಗಾಡಿ ತೂಕ 400 ಕೆ.ಜಿ. ಜಾಸ್ತಿ, ಅದರಲ್ಲೂ ಶೇ 60ಕ್ಕಿಂತ ಹೆಚ್ಚು ಹಿಂದಿನ ಆಕ್ಸಲ್ ಮೇಲೆ. ಅದೇ ವೇಗದಲ್ಲಿ ಅದೇ ಗುಂಡಿ ಹಾರಿಸಿದ್ರೆ ಹಿಂದಿನ ರಿಮ್‌ಗೆ ಬೀಳೋ ಪೆಟ್ಟು ಬೇರೆಯೇ. ಸೈಡ್‌ವಾಲ್ ಒಳಗಿನ ದಾರ ಕಡಿದು ಗುಳ್ಳೆ ಎದ್ದರೆ ಪಂಕ್ಚರ್ ಹಾಕೋ ಹಾಗಿಲ್ಲ, ಟೈರೇ ಎಸೀಬೇಕು. 911ಕ್ಕೆ ಸ್ಟೆಪ್ನಿ ಇಲ್ಲ. ಇರೋದು ಸೀಲಂಟ್ ಬಾಟ್ಲಿ, ಸಣ್ಣ ಕಂಪ್ರೆಸರ್. ಮೊಳೆ ತೂತಿಗೆ ಅದು ನಡೆಯುತ್ತೆ, ಗೋಡೆ ಹರಿದ್ರೆ ನಡೆಯಲ್ಲ. 295/35 ಆರ್20, ಅದೂ ಕಂಪನಿ ಗುರುತಿನದ್ದು, ಶಿವಮೊಗ್ಗದ ಅಂಗಡೀಲಿ ಸ್ಟಾಕ್ ಇಟ್ಟಿರ್ತಾರೆ ಅಂತ ಕಾಯಬೇಡಿ. ಹಿಂದಿನದ್ದು ಒಂದಾದ್ರೂ ಮನೇಲಿ ತಂದಿಟ್ಟುಕೊಳ್ಳಿ.

ಇನ್ನು ಅಗಲ. 911 ಕನ್ನಡಿ ಬಿಟ್ಟು 1852 ಎಂಎಂ, ಸಿಟಿ 1748. ಒಂಟಿ ಲೇನ್ ಡಾಂಬರು 3.75 ಮೀಟರ್. ಎದುರು ಬಸ್ಸು ಬಂದ್ರೆ ಅದೇ ಎರಡೂವರೆ ಮೀಟರ್ ತಿನ್ನುತ್ತೆ. ಯಾವ ಕಾರಾದ್ರೂ ಎಡಗಾಲಿ ಮಣ್ಣಿಗೆ ಇಳೀಲೇಬೇಕು. ಡಾಂಬರಿನ ಅಂಚು ಮಳೆಗೆ ಕೊಚ್ಚಿ ಒಂದು ಗೇಣು ಇಳಿದಿರೋ ಕಡೆ ಇಳಿಸಿದ್ರೆ 911ರ ಸೈಡ್ ಸಿಲ್ (ಬಾಗಿಲ ಕೆಳಗಿನ ಪಟ್ಟಿ) ಅಂಚಿನ ಮೇಲೆ ಕೂರುತ್ತೆ.

ಮಳೆಗಾಲ_ಮಂಜ: ಮಳೆ ಬಗ್ಗೆ ಯಾರೂ ಎತ್ತಲೇ ಇಲ್ಲ. ವರ್ಷಕ್ಕೆ 7000 ಎಂಎಂ ಮೇಲೆ ಸುರಿಯೋ ಆಗುಂಬೆ ದಾರಿಗೆ 295 ಅಗಲದ ಟೈರು! ನೀರ ಮೇಲೆ ತೇಲುತ್ತೆ.

ಪಿಸ್ಟನ್_ಭಟ್ಟ: ತೇಲೋದು ಅಗಲದಿಂದ ಅಲ್ಲ, ಗಾಳಿ ಒತ್ತಡದಿಂದ. ಪಿಎಸ್‌ಐನ ವರ್ಗಮೂಲಕ್ಕೆ ತಕ್ಕ ಹಾಗೆ ತೇಲೋ ವೇಗ ಬರುತ್ತೆ. 33 ಪಿಎಸ್‌ಐ ಇದ್ರೆ ಸುಮಾರು 95 ಕಿ.ಮೀ. ವೇಗಕ್ಕೆ. 25ಕ್ಕೆ ಇಳಿಸಿದ್ರೆ 83ಕ್ಕೇ ತೇಲುತ್ತೆ. "ಮಳೇಲಿ ಗಾಳಿ ಇಳಿಸಿ, ಹಿಡಿತ ಬರುತ್ತೆ" ಅನ್ನೋರ ಮಾತು ಕೇಳಬೇಡಿ.

ಹುಲಿಕಲ್_ತಿರುವು: ಭಟ್ರೆ, ಆ ಸೂತ್ರ ವಿಮಾನದ ಟೈರಿಗೆ ಮಾಡಿದ್ದು. ಕಾರಿನ ಟೈರಿಗೆ ಅಗಲವೂ ಲೆಕ್ಕಕ್ಕಿದೆ, ತೋಡೂ (ನೀರು ಹೋಗೋ ಗೀರು) ಲೆಕ್ಕಕ್ಕಿದೆ. ಟೈರಿನ ನಡುವಿನ ನೀರು ಬದಿಗೆ ಓಡೋಕೆ 295ರಲ್ಲಿ ಜಾಸ್ತಿ ದೂರ. ಗಾಳಿ ಇಳಿಸಬಾರದು ಅನ್ನೋದು ಮಾತ್ರ ನೂರಕ್ಕೆ ನೂರು.

ಪಿಸ್ಟನ್_ಭಟ್ಟ: ಸರಿ, ತೋಡು ಅಂದ್ರಲ್ಲ, ಕೆಲಸಕ್ಕೆ ಬರೋ ವಿಷಯ ಅದೇ. ಟೈರಿನ ಸವೆತದ ಗುರುತು ಇರೋದು 1.6 ಎಂಎಂಗೆ. ನಮ್ಮ ಕಡೆ 3 ಎಂಎಂ ಬಂದಾಗಲೇ ಬದಲಿಸಿ, ಅದೂ ಮೇ ತಿಂಗಳ ಒಳಗೆ. ಇದು ಸಿಟಿಗೂ ಅನ್ವಯ. ಹೊಸ ಟೈರಿನ 911, ಬೋಳು ಟೈರಿನ ಸಿಟಿಗಿಂತ ಮಳೇಲಿ ಎಷ್ಟೋ ಭದ್ರ.

992ರಲ್ಲಿ ವೆಟ್ ಮೋಡ್ ಅಂತ ಬಂದಿದೆ, ಎಲ್ಲಾ ಗಾಡೀಲೂ ಇರುತ್ತೆ. ಮುಂದಿನ ಮಡ್‌ಗಾರ್ಡ್ ಒಳಗೆ ಶಬ್ದ ಹಿಡಿಯೋ ಸೆನ್ಸರ್ ಇದೆ, ಟೈರ್ ಎರಚೋ ನೀರಿನ ಸದ್ದು ಕೇಳಿ ರಸ್ತೆ ಒದ್ದೆ ಅಂತ ತಿಳ್ಕೊಳ್ಳುತ್ತೆ. ಡ್ರೈವರ್‌ಗೆ ಸೂಚನೆ ಕೊಡುತ್ತೆ, ಮೋಡ್ ಹಾಕೋದು ನಾವೇ. ಹಾಕಿದ ಮೇಲೆ ಆಕ್ಸಲರೇಟರ್ ಮೆತ್ತಗಾಗುತ್ತೆ, ಟ್ರಾಕ್ಷನ್ ಕಂಟ್ರೋಲ್ ಬೇಗ ಕೈ ಹಾಕುತ್ತೆ. ಎಂಜಿನ್ ಹಿಂದೆ ಇರೋದ್ರಿಂದ ಒದ್ದೆ ಏರಿನಲ್ಲಿ ಹಿಂದಿನ ಗಾಲಿ ಸುಲಭಕ್ಕೆ ಸುತ್ತಲ್ಲ, ಅದು 911ಕ್ಕೆ ಲಾಭ. ಇಳಿಜಾರಿನಲ್ಲಿ ತಿರುವಿನ ನಡುವೆ ಹೆದರಿ ಆಕ್ಸಲರೇಟರ್ ಫಕ್ಕನೆ ಬಿಟ್ರೆ ಹಿಂಬದಿ ಹೊರಗೆ ಎಳೆಯುತ್ತೆ. ಸಿಟಿ ಹಾಗೆ ಮಾಡಲ್ಲ, ಮೂತಿ ನೇರಕ್ಕೆ ಜಾರುತ್ತೆ ಅಷ್ಟೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನಲ್ಲಿ ಕಾಲು ಸ್ಥಿರ ಇಡಿ.

ಅಡಿಕೆ_ಲೋಡು: ಆಗುಂಬೆ ಇಳಿಯುವಾಗ ನ್ಯೂಟ್ರಲ್ ಹಾಕಿದ್ರೆ ಪೆಟ್ರೋಲ್ ಉಳಿಯುತ್ತಲ್ಲ, ಯಾವ ಗಾಡಿಯಾದ್ರೇನು?

ಪಿಸ್ಟನ್_ಭಟ್ಟ: ಅಯ್ಯೋ ಪುಣ್ಯಾತ್ಮ, ಬೇಡ! ಈಗಿನ ಇಂಜೆಕ್ಷನ್ ಗಾಡಿಗಳು ಗೇರಿನಲ್ಲಿದ್ದು ಆಕ್ಸಲರೇಟರ್ ಬಿಟ್ಟಾಗ ಪೆಟ್ರೋಲ್ ಪೂರ್ತಿ ನಿಲ್ಲಿಸ್ತಾವೆ. ಎಂಜಿನ್ ತಿರುಗಿಸೋದು ಗಾಲಿ. ನ್ಯೂಟ್ರಲ್‌ನಲ್ಲಿ ಎಂಜಿನ್ ನಿಲ್ಲದ ಹಾಗೆ ಪೆಟ್ರೋಲ್ ಸುರೀಲೇಬೇಕು. ಅಂದ್ರೆ ನ್ಯೂಟ್ರಲ್‌ನಲ್ಲೇ ಖರ್ಚು.

ಬ್ರೇಕ್ ಲೆಕ್ಕ ನೋಡಿ. ಜನ ಸೇರಿ 1500 ಕೆ.ಜಿ. ತೂಕದ ಗಾಡಿ 500 ಮೀಟರ್ ಕೆಳಗೆ ಇಳಿದ್ರೆ 7.35 ಮೆಗಾಜೂಲ್ ಶಾಖ. 2 ಕಿಲೋವ್ಯಾಟ್ ಗೀಸರ್ ಒಂದು ಗಂಟೆ ಉರಿದಷ್ಟು. ಇಷ್ಟನ್ನೂ ಡಿಸ್ಕ್, ಡ್ರಮ್ಮೇ ನುಂಗಬೇಕು ಅಂದ್ರೆ 14 ಹೇರ್‌ಪಿನ್ ಮುಗಿದು ಸೋಮೇಶ್ವರ ತಲುಪೋ ಹೊತ್ತಿಗೆ ಪೆಡಲ್ ಸ್ಪಂಜಿನ ಹಾಗೆ ಆಗಿರುತ್ತೆ. ಎಂಜಿನ್ ಆಫ್ ಮಾಡಿ ಇಳಿಯೋರಂತೂ ಬ್ರೇಕ್ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್‌ನ ಎರಡು ಮೂರು ತುಳಿತಕ್ಕೇ ಮುಗಿಸಿ, ಆಮೇಲೆ ಕಲ್ಲು ತುಳಿದ ಹಾಗೆ ತುಳೀತಾರೆ.

ಸಿಟಿ ಸಿವಿಟೀಲಿ ಎಡಗೈ ಪ್ಯಾಡಲ್ ಒತ್ತಿ ಆರ್‌ಪಿಎಂ 3000–4000 ನಡುವೆ ಇಟ್ಕೊಂಡು ಇಳೀರಿ. ಸ್ಲಾವಿಯಾ ಡಿಎಸ್‌ಜೀಲಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಮ್ಯಾನುವಲ್, ಎರಡನೇ ಗೇರು. 911ರ ಪಿಡಿಕೆ (ಪೋರ್ಶೆಯ ಎರಡು ಕ್ಲಚ್ಚಿನ ಡಬ್ಬ) ಕೂಡ ಹಾಗೇ. ಬ್ರೇಕು ಒಂದೇ ಸಮ ಕಾಲಿಟ್ಟು ಒರೆಸಬೇಡಿ. ಗಟ್ಟಿಯಾಗಿ ಒಮ್ಮೆ ಹಿಡಿದು ವೇಗ ಇಳಿಸಿ, ಬಿಡಿ, ಆರಲಿ.

ಸಾಗರದ_ಸ್ಪ್ಯಾನರ್: ಭಟ್ರ ಮಾತಿಗೆ ಒಂದು ಸೇರಿಸ್ತೀನಿ. ಬ್ರೇಕ್ ಆಯಿಲ್ ಗಾಳೀಲಿರೋ ತೇವ ಹೀರುತ್ತೆ. ಡಾಟ್ 4 ದರ್ಜೆಯದ್ದು ಹೊಸದಿದ್ದಾಗ ಕುದಿಯೋ ಮಟ್ಟ ಕನಿಷ್ಠ 230 ಡಿಗ್ರಿ ಇರಬೇಕು, ನೀರು ಸೇರಿ ಶೇ 3.7 ಆದಾಗ 155 ಇದ್ರೂ ಪಾಸು. ಡಾಟ್ 3 ಆದ್ರೆ 205, ಆಮೇಲೆ 140. ಆಯಿಲ್ ಕುದ್ದು ಗುಳ್ಳೆ ಬಂದ್ರೆ ಪೆಡಲ್ ನೆಲಕ್ಕೆ ಹೋಗುತ್ತೆ, ಡಿಸ್ಕ್ ಎಷ್ಟೇ ದೊಡ್ಡದಿದ್ರೂ ಅಷ್ಟೆ. ಮಲೆನಾಡಲ್ಲಿ ಎರಡು ವರ್ಷಕ್ಕೊಮ್ಮೆ ಕಡ್ಡಾಯ ಬದಲಿಸಿ, ಕಿ.ಮೀ. ಎಷ್ಟಾಗಿದೆ ಅಂತ ನೋಡಬೇಡಿ. ಈ ಒಂದು ಖರ್ಚಿಂದ ಸಿಟಿಗೆ ಬರೋ ಧೈರ್ಯ, 911ರಲ್ಲಿ ನಾಲ್ಕು ಪಿಸ್ಟನ್ ಕ್ಯಾಲಿಪರ್ ಇದ್ದೂ ಹಳೇ ಆಯಿಲ್ ಇದ್ರೆ ಬರಲ್ಲ.

ಹುಲಿಕಲ್_ತಿರುವು: ಅಂದ್ರೂ ಸಮ ಸಮ ಅನ್ನಬೇಡಿ. 911ಕ್ಕೆ ನಾಲ್ಕೂ ಕಡೆ ದೊಡ್ಡ ಗಾಳಿಯಾಡೋ ಡಿಸ್ಕ್. ಸಿಟಿಗೂ ಸ್ಲಾವಿಯಾಗೂ ಹಿಂದೆ ಡ್ರಮ್ಮೇ. ಸತತ ಇಳಿಜಾರಿನಲ್ಲಿ ಶಾಖ ತಡೆಯೋದರಲ್ಲಿ 911 ಒಂದು ಕೈ ಮೇಲೆ. ಈ ಗಾಡಿಗೆ ನಿಜವಾದ ಬೆಲೆ ಕೊಡೋದಿದ್ರೆ ನಾನು ಬ್ರೇಕಿಗೆ ಕೊಡ್ತೀನಿ, ಎಂಜಿನ್‌ಗಲ್ಲ.

ಕೆಎ14_ಗೇರ್: ಒಪ್ಪಿದೆ. ಏರುವಾಗಿನ ಒಂದು ಎಚ್ಚರಿಕೆ ಸ್ಲಾವಿಯಾ, ವರ್ಟಸ್ ಡಿಎಸ್‌ಜಿ ನೋಡೋರಿಗೆ: ಆ ಏಳು ಗೇರಿನ ಡಬ್ಬದಲ್ಲಿರೋದು ಡ್ರೈ ಕ್ಲಚ್. ಆಗುಂಬೆ ಏರಲ್ಲಿ ಸಾಲುಗಟ್ಟಿ ನಿಂತಾಗ ಬ್ರೇಕ್ ಬಿಟ್ಟು ಆಕ್ಸಲರೇಟರ್‌ನಲ್ಲೇ ಗಾಡಿ ತಡೆದು ನಿಲ್ಲಿಸಬೇಡಿ. ಕ್ಲಚ್ ಉಜ್ಜಿ ಕಾಯುತ್ತೆ. ಮುಂದಿನ ಗಾಡಿ ಎರಡು ಗಾಡಿ ಉದ್ದ ಹೋಗಲಿ, ಆಮೇಲೆ ಒಂದೇ ಸಲ ಹೊರಡಿ. ಪಿಡಿಕೆದು ಆಯಿಲ್‌ನಲ್ಲಿ ಮುಳುಗಿದ ಕ್ಲಚ್, ಅಷ್ಟು ಬೇಗ ಕಾಯಲ್ಲ. ಹಾಗೇ ಇಕ್ಕಟ್ಟಿನ ಘಾಟೀಲಿ ಏರೋ ಗಾಡಿಗೆ ಮೊದಲು ದಾರಿ ಬಿಡಬೇಕು ಅನ್ನೋದು ನಿಯಮ. ಇಳಿಯೋರೇ ನುಗ್ಗೋದು ನಮ್ಮಲ್ಲಿ ಮಾಮೂಲು.

ತಿರುಗಾಟ_ತೀರ್ಥಹಳ್ಳಿ: ಸೆಕೆಂಡ್ ಹ್ಯಾಂಡ್ 911 ನೋಡುವಾಗ ಏನು ಪರೀಕ್ಷೆ ಮಾಡ್ಬೇಕು?

ಸಾಗರದ_ಸ್ಪ್ಯಾನರ್: ಮುಂದಿನ ಬಂಪರ್‌ನ ಎರಡೂ ಮೂಲೆಯ ಗಾಳಿ ಕಿಂಡಿಗೆ ಟಾರ್ಚ್ ಬಿಡಿ. ರೇಡಿಯೇಟರ್, ಎಸಿ ಕಂಡೆನ್ಸರ್ ಅಲ್ಲೇ ಇರೋದು. ಎಲೆ, ಕಸ ನುಗ್ಗಿ ಎರಡರ ನಡುವೆ ಕೊಳೆತು, ತೇವ ನಿಂತು ಅಲ್ಯುಮಿನಿಯಂ ತಿನ್ನುತ್ತೆ. ಒಣ ಊರಿನಲ್ಲೇ ಆಗೋ ಕಾಯಿಲೆ, ನಮ್ಮ ಕಡೆ ಬಂದ ಮೇಲೆ ಕೇಳಬೇಕಾ? ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಬಂಪರ್ ಬಿಚ್ಚಿಸಿ ಕ್ಲೀನ್ ಮಾಡಿಸಲೇಬೇಕು. ಪ್ರೆಶರ್ ವಾಷರ್ ಹತ್ತಿರ ಹಿಡಿದ್ರೆ ಕಂಡೆನ್ಸರ್ ರೆಕ್ಕೆ ಮಡಚಿಹೋಗುತ್ತೆ, ಬ್ರಷ್ಷು, ಮೆಲ್ಲನೆ ಗಾಳಿ ಸಾಕು.

ಆಯಿಲ್ ನೋಡೋಕೆ ಡಿಪ್‌ಸ್ಟಿಕ್ ಹುಡುಕಬೇಡಿ, ಇಲ್ಲ. ಎಂಜಿನ್ ಬಿಸಿ ಇರುವಾಗ, ಸಮತಟ್ಟು ನೆಲದಲ್ಲಿ ನಿಲ್ಲಿಸಿ ಪರದೆಯಲ್ಲೇ ನೋಡಬೇಕು. ಅಂಗಳ ಓರೆ ಇದ್ರೆ ತಪ್ಪು ತೋರಿಸುತ್ತೆ. ಗಾಡಿ ಲಿಫ್ಟ್‌ಗೆ ಹಾಕಿಸಿ ಹೊಟ್ಟೆ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಕೆರೆದಿದೆಯಾ, ಸ್ಕ್ರೂ ಎಲ್ಲಾ ಇದೆಯಾ ನೋಡಿ. ನಾಲ್ಕೂ ಟೈರಿನ ತಯಾರಿ ದಿನಾಂಕ ಓದಿ: ನಾಲ್ಕು ಅಂಕೆ, ಮೊದಲೆರಡು ವಾರ, ಉಳಿದೆರಡು ವರ್ಷ.

ಕೆಎ14_ಗೇರ್: ಕರ್ನಾಟಕ ನೋಂದಣಿ ಗಾಡಿನೇ ನೋಡಿ. ಹೊರ ರಾಜ್ಯದ್ದು ತಂದ್ರೆ ಎನ್‌ಒಸಿ ಜೊತೆ ಇಲ್ಲಿ ಮತ್ತೆ ಜೀವಿತಾವಧಿ ತೆರಿಗೆ. 20 ಲಕ್ಷ ಮೀರಿದ ಕಾರಿಗೆ ಶೇ 18, ಮೇಲೆ ಸೆಸ್. ಗಾಡಿ ವಯಸ್ಸಿಗೆ ತಕ್ಕ ಹಾಗೆ ಕಮ್ಮಿ ಆಗುತ್ತೆ, ಆದ್ರೂ ದೊಡ್ಡ ಮೊತ್ತ. ಅಗ್ಗ ಅಂತ ದೆಹಲಿ ಗಾಡಿ ತರೋರು ಈ ಲೆಕ್ಕ ಮರೀತಾರೆ.

ಮಳೆಗಾಲ_ಮಂಜ: ಬೂಷ್ಟು! ಜುಲೈಯಲ್ಲಿ ಎರಡು ವಾರ ಮುಚ್ಚಿಟ್ರೆ ಲೆದರ್ ಸೀಟು, ಸ್ಟೀರಿಂಗ್, ಬೆಲ್ಟ್ ಎಲ್ಲಾ ಬೆಳ್ಳಗಾಗುತ್ತೆ.

ಸಾಗರದ_ಸ್ಪ್ಯಾನರ್: ಮನೆ ಹತ್ರ ಬಂದ ಮೇಲೆ ನಿಲ್ಲಿಸೋ 10 ನಿಮಿಷ ಮುಂಚೆ ಎಸಿ ಕಂಪ್ರೆಸರ್ ಆಫ್ ಮಾಡಿ ಬ್ಲೋವರ್ ಮಾತ್ರ ಬಿಡಿ, ಕಾಯಿಲ್ ಒಣಗುತ್ತೆ. ಒದ್ದೆ ಮ್ಯಾಟ್ ಒಳಗೆ ಬಿಡಬೇಡಿ. ಟಾರ್ಪಾಲಿನಂಥ ಕವರ್ ಹಾಕಬೇಡಿ, ಒಳಗೇ ಬೆವರುತ್ತೆ. ಬಟ್ಟೆ ಕವರ್, ಮೇಲೆ ಶೆಡ್. ಹ್ಯಾಂಡ್‌ಬ್ರೇಕ್ ಹಾಕಿ ವಾರಗಟ್ಟಲೆ ಬಿಟ್ರೆ ಸಿಟಿಯ ಹಿಂದಿನ ಡ್ರಮ್ ಲೈನರ್ ಅಂಟಿಕೊಳ್ಳುತ್ತೆ. ಸಮತಟ್ಟು ಜಾಗದಲ್ಲಿ ಗಾಲಿಗೆ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಬಿಡಿ. 911ಕ್ಕೆ ಬ್ಯಾಟರಿ ಚಾರ್ಜರ್ ಹಾಕಿಡಿ. ಅದರ ಮುಂದಿನ ಡಿಕ್ಕಿ ತೆರೆಯೋದು ಕರೆಂಟಿನಿಂದ, ಬ್ಯಾಟರಿ ಇರೋದು ಅದರೊಳಗೆ. ಪೂರ್ತಿ ಸತ್ತರೆ ಫ್ಯೂಸ್ ಬಾಕ್ಸ್‌ನಿಂದ ಹೊರಗೆ ಎಳೆಯೋ ತುದಿಗೆ ಹೊರಗಿನ ಕರೆಂಟ್ ಕೊಟ್ಟು ತೆರೀಬೇಕಾಗುತ್ತೆ.

ಕಮ್ಮರಡಿ_ಕಾರ್ನರ್: ಕೆಟ್ಟು ನಿಂತ್ರೆ ಫ್ಲಾಟ್‌ಬೆಡ್ಡೇ ಬೇಕು, ಹಿಂದಿನ ಗಾಲಿ ನೆಲಕ್ಕಿಟ್ಟು ಎಳೆಯೋ ಹಾಗಿಲ್ಲ. ರ‍್ಯಾಂಪ್ ಕೆಳಗೆ ಇಡೋಕೆ ಎರಡು ಉದ್ದ ಹಲಗೆ ತರೋಕೆ ಫೋನಲ್ಲೇ ಹೇಳಿ, ಇಲ್ದಿದ್ರೆ ಹತ್ತಿಸುವಾಗ ತುಟಿ ಕಿತ್ತುಬರುತ್ತೆ.

ಅಡಿಕೆ_ಲೋಡು: ಸಿಗಂದೂರಿಗೆ ಲಾಂಚ್‌ನಲ್ಲಿ ಹತ್ತಿಸೋದು ಹೇಗಪ್ಪಾ ಅಂತ ಕೇಳೋಣ ಅಂತಿದ್ದೆ 😄

ಹುಲಿಕಲ್_ತಿರುವು: 2025ರ ಜುಲೈಯಲ್ಲೇ ಸೇತುವೆ ಆಯ್ತಲ್ಲ. ಈಗ 911 ಏನು, ಟ್ರ್ಯಾಕ್ಟರ್ ಜೊತೆನೂ ಹೋಗಬಹುದು.

ತಿರುಗಾಟ_ತೀರ್ಥಹಳ್ಳಿ: ಭಾವನಿಗೆ ಎಲ್ಲಾ ಓದಿಸಿದೆ. ಸಿಟಿ ಕೊಡಲ್ಲ ಅಂತ ಒಪ್ಪಿದ್ರು, 911 ಬಿಡಲ್ಲ ಅಂತಾನೂ ಹೇಳಿದ್ರು. ದಬ್ಬೆ ಕತ್ತರಿಸೋಕೆ ಹೇಳಿದೀನಿ. ಕೊನೇದೊಂದು: ಶೆಡ್‌ನಲ್ಲಿ ಇಲಿ ಕಾಟ ಇದೆ, ವೈರಿಂಗ್‌ಗೆ ಎಂತ ಮಾಡೋದು?

ಸಾಗರದ_ಸ್ಪ್ಯಾನರ್: ಮೊದಲು ಶೆಡ್‌ನಿಂದ ಅಡಿಕೆ ಸಿಪ್ಪೆ, ಹಿಂಡಿ ಚೀಲ ಆಚೆ ಹಾಕಿ. ಸಿಟಿಗೆ ರಾತ್ರಿ ಬಾನೆಟ್ ಎತ್ತಿಟ್ರೆ ಇಲಿ ಗೂಡು ಕಟ್ಟೋಕೆ ಹೆದರುತ್ತೆ, ಬಾನೆಟ್ ಲೈಟ್ ಇದ್ರೆ ಆಫ್ ಮಾಡಿ. ಎಸಿ ಗಾಳಿ ಒಳಗೆ ಬರೋ ಕಿಂಡಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹೊಡೆಸಿ, ಕ್ಯಾಬಿನ್ ಫಿಲ್ಟರ್ ಕಡಿದು ಒಳಗೆ ಬರೋದು ಅಲ್ಲಿಂದಲೇ. 911ರಲ್ಲಿ ಮಾತ್ರ ಎಂಜಿನ್ ಸುತ್ತ ಜಾಲರಿ ಕಟ್ಟೋಕೆ ಹೋಗಬೇಡಿ, ಹಿಂದಿನ ಗಾಳಿ ದಾರಿ ಮುಚ್ಚಿದ್ರೆ ಎಂಜಿನ್ ಕಾಯುತ್ತೆ. ಗಾಡಿ ಸುತ್ತ ನೆಲದ ಮೇಲೆ ಬೋನು ಇಡಿ, ವಿಷ ಬೇಡ, ಒಳಗೆ ಸತ್ತರೆ ಡ್ಯಾಶ್ ಬಿಚ್ಚಿಸಬೇಕಾಗುತ್ತೆ.

ಮಳೆಗಾಲ_ಮಂಜ: ಬೋನಿಗೆ ಕೊಬ್ಬರಿ ಸುಟ್ಟು ಇಡಿ. ಹಸಿ ಕೊಬ್ಬರಿಗೆ ಬರಲ್ಲ.